ಹಳೇ ವಿಟೆಕ್ ಮನೆಗೆ ತಂದವರ ಗಮನಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

2000ದಿಂದ 2003ರ ನಡುವೆ ಬಂದ ಹೋಂಡಾ ಸಿಟಿ 1.5 ವಿಟೆಕ್ ಇಟ್ಟುಕೊಂಡವರಿಗೆ, ಇಟ್ಟುಕೊಳ್ಳಬೇಕೆಂದು ಆಸೆಪಟ್ಟವರಿಗೆ ಈ ಸೂಚನೆ. ಲ್ಯಾನ್ಸರ್, ಹಳೇ ಬಲೆನೊ, ಎಸ್ಟೀಮ್, ಝೆನ್ ಇರುವವರೂ ಓದಬಹುದು. ಎಂಜಿನ್ ವಿಚಾರ ಬಿಟ್ಟರೆ ಮಿಕ್ಕಿದ್ದೆಲ್ಲ ಅವರಿಗೂ ಹೊಂದುತ್ತದೆ.

ಜಪಾನಿನ ಹಳೇ ಸ್ಪೋರ್ಟ್ಸ್ ಕಾರು ಎಂದರೆ ಲೋಕಕ್ಕೆಲ್ಲ ಸ್ಕೈಲೈನ್, ಸುಪ್ರಾ, ಮಿಯಾಟ. ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಹುಡುಗರಿಗೆ ಅವು ಸಿಕ್ಕಿದ್ದು ಪೋಸ್ಟರಿನಲ್ಲಿ, ವಿಡಿಯೊ ಗೇಮಿನಲ್ಲಿ. ಕೈಗೆ ಸಿಕ್ಕ ಸ್ಪೋರ್ಟ್ಸ್ ಕಾರಿಗೆ ನಾಲ್ಕು ಬಾಗಿಲು, ದೊಡ್ಡ ಡಿಕ್ಕಿ, ಹಿಂದುಗಡೆ ವಿಟೆಕ್ ಎಂಬ ಅಕ್ಷರ ಇದ್ದವು. 1998ರಲ್ಲಿ ಮೊದಲ ಸಿಟಿ ಬಂತು. 2000ದಲ್ಲಿ ಅದಕ್ಕೆ 106 ಬಿಎಚ್‌ಪಿಯ ವಿಟೆಕ್ ಎಂಜಿನ್ ಸೇರಿತು. 2003ರಲ್ಲಿ ಅದರ ಜಾಗಕ್ಕೆ 77 ಬಿಎಚ್‌ಪಿಯ ಮೈಲೇಜ್ ಕಾರು ಬಂತು. ಹಳೆಯದರ ಬೆಲೆ ಜನಕ್ಕೆ ಗೊತ್ತಾಗಿದ್ದು ಆಮೇಲೆ.

ಈಗ ಉಳಿದಿರುವ ಈ ಕಾರುಗಳಿಗೆಲ್ಲ 20 ವರ್ಷ ದಾಟಿದೆ. ಅವು ಹಾಳಾಗುವುದು ವಯಸ್ಸಿನಿಂದ ಎನ್ನುವುದಕ್ಕಿಂತ ಆತುರದ ಮಾಡಿಫಿಕೇಶನ್ನಿನಿಂದ ಎನ್ನಬೇಕು. ಆದ್ದರಿಂದ ಈ ಮೂರು ನಿಯಮಗಳನ್ನು ಮೊದಲು ಒಪ್ಪಿಕೊಳ್ಳಿ. ಒಪ್ಪದಿದ್ದರೆ ಮುಂದಿನದನ್ನು ಓದಿ ಪ್ರಯೋಜನವಿಲ್ಲ.

ಒಂದು: ಮೊದಲು ಕಾರನ್ನು ಕಂಪನಿಯಿಂದ ಹೊರಬಂದಾಗ ಇದ್ದ ಹಾಗೆ ಮಾಡಿ, ಆಮೇಲೆ ನಿಮ್ಮದಾಗಿಸಿಕೊಳ್ಳಿ.
ಎರಡು: ಒಂದು ಸಲಕ್ಕೆ ಒಂದೇ ಬದಲಾವಣೆ.
ಮೂರು: ವಾಪಸ್ ಮಾಡಲು ಬಾರದ ಕೆಲಸಕ್ಕೆ ಕೈ ಹಾಕಬೇಡಿ.

ಭಾಗ 1: ಕೊಳ್ಳುವ ಮುನ್ನ

ಮಾಡಬೇಕಾದ್ದು

• ಆರ್‌ಸಿ ಕೈಯಲ್ಲಿ ಹಿಡಿದು ಬಾನೆಟ್ ಎತ್ತಿಸಿ. ಎಂಜಿನ್ ನಂಬರ್, ಷಾಸಿ ನಂಬರ್, ಬಣ್ಣ ಮೂರೂ ಆರ್‌ಸಿಯಲ್ಲಿದ್ದಂತೆಯೇ ಇರಬೇಕು. ಒಂದು ತಪ್ಪಿದರೂ ನಮಸ್ಕಾರ ಹೇಳಿ ಹೊರಡಿ.

• ಬೆಳಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ ನೋಡಿ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಅವರು ಏನೋ ಮುಚ್ಚಿಡುತ್ತಿದ್ದಾರೆ. ಇನ್ನೊಂದು ದಿನ ಹೋಗಿ.

• ಸೀಟು, ಮ್ಯಾಟು ಎತ್ತಿ ನೆಲ ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಕೆಳಗೆ ನೋಡಿ, ಚಕ್ರದ ಕಮಾನುಗಳ ಒಳಗೆ ಕೈ ಆಡಿಸಿ. ಎಂಜಿನ್ನಿಗೆ ಸಾಮಾನು ಸಿಕ್ಕೀತು, ತುಕ್ಕು ತಿಂದ ಬಾಡಿಗೆ ಮದ್ದಿಲ್ಲ.

ಮಾಡಬಾರದ್ದು

• ಯಾರೋ ಆಗಲೇ ಮಾಡಿಫೈ ಮಾಡಿಸಿದ ಕಾರನ್ನು ‘ರೆಡಿ ಇದೆ, ಖರ್ಚು ಉಳೀತು’ ಎಂದು ಕೊಳ್ಳಬೇಡಿ. ಅವರ ಖರ್ಚು ಮಾತ್ರ ಉಳಿದಿರುತ್ತದೆ. ಅವರು ಕತ್ತರಿಸಿದ ವೈರು, ಕೊರೆದ ತೂತು ಎಲ್ಲವೂ ನಿಮ್ಮ ಪಾಲಿಗೆ ಬರುತ್ತವೆ.

• ‘ಸ್ಕೈಲೈನ್ ತರಿಸಿಕೊಡ್ತೀನಿ, ಪೇಪರ್ ಆಮೇಲೆ ನೋಡೋಣ’ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ವಿಂಟೇಜ್ ಕಾರುಗಳ ಲೆಕ್ಕ ಬೇರೆ. ಅವನ್ನು ಬಿಟ್ಟರೆ, ಬಳಸಿದ ಕಾರನ್ನು ಹೊರದೇಶದಿಂದ ತರಲು ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು.

ಭಾಗ 2: ಮೊದಲ ವರ್ಷ

ಮೊದಲ ವರ್ಷ ಹೊಳೆಯುವ ಯಾವ ಸಾಮಾನೂ ಬೇಡ. ಇದು ಕಷ್ಟದ ನಿಯಮ ಎಂದು ಗೊತ್ತು, ಆದರೂ ಪಾಲಿಸಿ.

ಮಾಡಬೇಕಾದ್ದು

• ಟೈಮಿಂಗ್ ಬೆಲ್ಟ್ ಬದಲಿಸಿ. ‘ಹೋದ ವರ್ಷವೇ ಹಾಕಿಸಿದೆ’ ಎಂದು ಹಳೇ ಓನರ್ ಹೇಳಿದರೆ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಹಾಕಿಸಿಲ್ಲ ಎಂದೇ ತಿಳಿಯಿರಿ. ಈ ಎಂಜಿನ್ನಿನಲ್ಲಿ ಬೆಲ್ಟ್ ಕಿತ್ತರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಬೆಲ್ಟ್ ಜೊತೆಗೆ ಟೆನ್ಶನರ್, ವಾಟರ್ ಪಂಪ್ ಎರಡನ್ನೂ ಬದಲಿಸಿ, ಬಿಚ್ಚುವ ಕೂಲಿ ಒಂದೇ.

• ಪೆಟ್ರೋಲ್ ಹೋಸುಗಳನ್ನೆಲ್ಲ ಎಥನಾಲ್ ತಡೆಯುವ ಹೊಸ ಹೋಸಿಗೆ ಬದಲಿಸಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಈ ಕಾರನ್ನು ಅಷ್ಟು ಎಥನಾಲಿಗೆಂದು ಮಾಡಿಲ್ಲ. ಹಳೇ ರಬ್ಬರ್ ಊದಿ ಬಿರುಕು ಬಿಡುತ್ತದೆ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಜಿನುಗುತ್ತದೆ.

• ಬಿಸಿಲಲ್ಲಿ ನಿಲ್ಲಿಸಿ ಬಂದ ಮೇಲೆ ಎಂಜಿನ್ ಕ್ರ್ಯಾಂಕ್ ಆಗಿಯೂ ಸ್ಟಾರ್ಟ್ ಆಗದಿದ್ದರೆ, ಗಂಟೆ ಬಿಟ್ಟು ಏನೂ ಆಗದ ಹಾಗೆ ಸ್ಟಾರ್ಟ್ ಆದರೆ, ಮೊದಲು ಮೇನ್ ರಿಲೇ ತೆಗೆಸಿ ನೋಡಿ. ಹಳೇ ಹೋಂಡಾಗಳಲ್ಲಿ ಅದರೊಳಗಿನ ಬೆಸುಗೆ ಬಿರುಕು ಬಿಡುವುದು ಹಳೇ ಕಾಯಿಲೆ. ಪೆಟ್ರೋಲ್ ಪಂಪು, ಪ್ಲಗ್ಗು, ಬ್ಯಾಟರಿ ಎಲ್ಲ ಬದಲಿಸಿ ದುಡ್ಡು ಕಳೆದ ಮೇಲೆ ಇದನ್ನು ನೋಡಬೇಡಿ.

• ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ದಿನಾಂಕ, ಕಿಲೋಮೀಟರ್, ಏನು ಮಾಡಿಸಿದಿರಿ, ಯಾವ ಪಾರ್ಟ್ ನಂಬರ್, ಎಷ್ಟಾಯಿತು ಎಂದು ಬರೆಯಿರಿ. ಬಿಲ್ಲನ್ನು ಅದೇ ಪುಟಕ್ಕೆ ಪಿನ್ ಮಾಡಿ.

ಮಾಡಬಾರದ್ದು

• ಥರ್ಮೋಸ್ಟಾಟ್ ತೆಗೆಸಬೇಡಿ. ‘ನಮ್ಮೂರಿಗೆ ಇದು ಬೇಡ ಸಾರ್, ಹೀಟ್ ಆಗಲ್ಲ’ ಎಂದು ಕಿತ್ತು ಕೈಗೆ ಕೊಡುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಅದಿಲ್ಲದಿದ್ದರೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೋರ್ ಸವೆಯುತ್ತದೆ. ಹೀಟ್ ಆಗುತ್ತಿದ್ದರೆ ರೇಡಿಯೇಟರ್, ಫ್ಯಾನ್, ಕೂಲೆಂಟ್ ನೋಡಿಸಿ.

• ರೇಡಿಯೇಟರಿಗೆ ನಲ್ಲಿ ನೀರು ಹಾಕಬೇಡಿ. ಕಾವೇರಿ ನೀರೂ ಬೇಡ, ಬೋರ್ ನೀರಂತೂ ಬೇಡವೇ ಬೇಡ. ಮನೆಯ ಗೀಸರಿನಲ್ಲಿ ಕಟ್ಟುವ ಬಿಳಿ ಗಾರೆ ರೇಡಿಯೇಟರಿನಲ್ಲೂ ಕಟ್ಟುತ್ತದೆ.

• ಆಯುಧಪೂಜೆಗೆ ಬಾಳೆಕಂದನ್ನು ಗ್ರಿಲ್ಲಿಗೆ ಕಟ್ಟಿಕೊಂಡು ಊರು ಸುತ್ತಬೇಡಿ. ರೇಡಿಯೇಟರಿಗೆ ಗಾಳಿ ಬೇಕು. ಪೂಜೆ ಮುಗಿಸಿ, ನಿಂಬೆಹಣ್ಣಿನ ಮೇಲೆ ಒಂದು ಸುತ್ತು ಹೋಗಿ ಬಂದು ಬಿಚ್ಚಿಡಿ. ಕುಂಕುಮವನ್ನು ಗಾಜಿಗೆ ಹಚ್ಚಿ. ಹಳೇ ಪೇಂಟಿಗೆ ಹಚ್ಚಿದರೆ ಕಲೆ ಹೋಗುವುದಿಲ್ಲ.

ಭಾಗ 3: ಬ್ರೇಕು, ಟೈರು, ಸಸ್ಪೆನ್ಶನ್

ಬದಲಾವಣೆ ಶುರುವಾಗಬೇಕಾದ್ದು ಇಲ್ಲಿಂದ. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನಿಲ್ಲಲು ಬಾರದ ಕಾರಿಗೆ ಪಿಕಪ್ ಕೊಡುವುದು ತಪ್ಪು.

ಮಾಡಬೇಕಾದ್ದು

• ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ನಂದಿ ಬೆಟ್ಟದ ಇಳಿಜಾರಿನಲ್ಲಿ ಕುದಿಯುತ್ತದೆ, ಪೆಡಲ್ ನೆಲ ಮುಟ್ಟುತ್ತದೆ.

• ರಬ್ಬರ್ ಬುಷ್ಷುಗಳನ್ನೆಲ್ಲ ಹೊಸದಾಗಿ ಹಾಕಿಸಿ. ‘ಹ್ಯಾಂಡ್ಲಿಂಗ್ ಸರಿಯಿಲ್ಲ’ ಎಂದು ದುಬಾರಿ ಸಸ್ಪೆನ್ಶನ್ ಹುಡುಕುವವರ ಕಾರಿನಲ್ಲಿ ಬಹಳ ಸಲ ಸತ್ತಿರುವುದು ಬುಷ್ಷು.

• ಟೈರಿಗೆ ಅದೇ ಮಾದರಿಗೆ ಕಂಪನಿ ಕೊಟ್ಟ ಅಳತೆಯೇ ಮೊದಲ ಆಯ್ಕೆ. ದೊಡ್ಡ ರಿಮ್ ಆಸೆ ಬಂದರೆ ಪೆನ್ನು ಹಿಡಿದು ಲೆಕ್ಕ ಹಾಕಿ. 175/70 ಆರ್13 ಟೈರಿನ ಒಟ್ಟು ಎತ್ತರ ಸುಮಾರು 575 ಮಿ.ಮೀ. 185/60 ಆರ್14 ಆದರೆ 578, 195/50 ಆರ್15 ಆದರೆ 576. ಮೂರೂ ಹೆಚ್ಚುಕಡಿಮೆ ಒಂದೇ. 205/40 ಆರ್17 ಹಾಕಿದರೆ 596 ಆಗುತ್ತದೆ. ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಗೇರ್ ಭಾರವಾಗುತ್ತದೆ, ಸ್ಟಿಯರಿಂಗ್ ತಿರುಗಿಸಿದರೆ ಟೈರ್ ಕಮಾನಿಗೆ ಉಜ್ಜುತ್ತದೆ.

• ಟೈರಿನ ಗೋಡೆಯ ಎತ್ತರವನ್ನೂ ನೋಡಿ. ಮೇಲಿನ ನಾಲ್ಕರಲ್ಲಿ ಮೊದಲನೆಯದಕ್ಕೆ 122 ಮಿ.ಮೀ., ಕೊನೆಯದಕ್ಕೆ 82. ಮಾಗಡಿ ರಸ್ತೆಯ ಗುಂಡಿಗೂ ನಿಮ್ಮ ರಿಮ್ಮಿಗೂ ನಡುವೆ ಇರುವುದು ಅಷ್ಟೇ ರಬ್ಬರು. ಮಳೆಗಾಲದಲ್ಲಿ ಆ ಗುಂಡಿ ಕಾಣುವುದೂ ಇಲ್ಲ.

ಮಾಡಬಾರದ್ದು

• ಸ್ಪ್ರಿಂಗ್ ಕತ್ತರಿಸಬೇಡಿ. ಇದಕ್ಕೆ ವಿನಾಯಿತಿ ಇಲ್ಲ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ತೆಗೆದರೆ ಅದು ಶೇ. 20ರಷ್ಟು ಗಟ್ಟಿಯಾಗುತ್ತದೆ, ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ ಇರುತ್ತದೆ. ಕಾರು ಕುಪ್ಪಳಿಸುತ್ತದೆ, ಚಕ್ರ ನೆಲ ಬಿಡುತ್ತದೆ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲು ಕಾಮಾಕ್ಷಿಪಾಳ್ಯದ ಯಾವ ಲೇತಿನಲ್ಲೂ ಆಗುವುದಿಲ್ಲ.

• ಕಾರನ್ನು ನೆಲಕ್ಕೆ ತಾಗಿಸಬೇಡಿ. ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ನಮ್ಮ ಕ್ರಾಸುಗಳಲ್ಲಿ ರಾತ್ರೋರಾತ್ರಿ ಏಳುವ ಹಂಪುಗಳು ಆ ಪುಸ್ತಕ ಓದಿಲ್ಲ. ಆಯಿಲ್ ಸಂಪ್ ಒಡೆದರೆ ಎಂಜಿನ್ನೇ ಹೋಯಿತು.

• ಟೈರು, ಶಾಕ್, ಸ್ಪ್ರಿಂಗ್ ಮೂರನ್ನೂ ಒಂದೇ ದಿನ ಬದಲಿಸಬೇಡಿ. ಇದನ್ನು ನಾನು ತಪ್ಪು ಮಾಡಿ ಕಲಿತೆ. ಒಂದು ದಸರಾ ಬೋನಸ್ಸಿನಲ್ಲಿ ಮೂರನ್ನೂ ಒಟ್ಟಿಗೆ ಹಾಕಿಸಿ, ಜೊತೆಗೆ ಸೈಲೆನ್ಸರನ್ನೂ ಬದಲಿಸಿದೆ. ಮಾರನೇ ದಿನ ಮುಂದಿನಿಂದ ‘ಟಕ್ ಟಕ್’ ಶುರುವಾಯಿತು. ಅದು ಯಾವುದರಿಂದ ಎಂದು ಕಂಡುಹಿಡಿಯಲು ಮೂರು ತಿಂಗಳು, ನಾಲ್ಕು ಗ್ಯಾರೇಜು ಬೇಕಾದವು. ಕೊನೆಗೆ ನೋಡಿದರೆ ಒಂದು ನಟ್ಟು ಸರಿಯಾಗಿ ಬಿಗಿಯಾಗಿರಲಿಲ್ಲ. ಒಂದೊಂದೇ ಮಾಡಿಸಿದ್ದರೆ ಅರ್ಧ ಗಂಟೆಯ ಕೆಲಸ.

ಭಾಗ 4: ಎಂಜಿನ್

ವಿಟೆಕ್ ಎಂದರೇನು ಎಂಬುದು ಗೊತ್ತಿಲ್ಲದೆ ಅದಕ್ಕೆ ಕೈ ಹಾಕಬಾರದು. ಹೋಂಡಾ ಇದನ್ನು ಮೊದಲು 1989ರಲ್ಲಿ ಇಂಟೆಗ್ರಾ ಕಾರಿನಲ್ಲಿ ತಂದಿತು. ಕ್ಯಾಮ್‌ಶಾಫ್ಟಿನ ಮೇಲೆ ಎರಡು ಬಗೆಯ ಉಬ್ಬುಗಳಿವೆ. ಒಂದು ಟ್ರಾಫಿಕ್ಕಿಗೆ, ಇನ್ನೊಂದು ಓಟಕ್ಕೆ. ಎಂಜಿನ್ ವೇಗ ಏರಿದಾಗ ಆಯಿಲ್ ಒತ್ತಡ ಒಂದು ಚಿಕ್ಕ ಪಿನ್ನನ್ನು ತಳ್ಳಿ ರಾಕರ್‌ಗಳನ್ನು ಬೆಸೆಯುತ್ತದೆ. ಆಗ ದೊಡ್ಡ ಉಬ್ಬು ಕೆಲಸಕ್ಕೆ ಬಂದು ವಾಲ್ವು ಇನ್ನಷ್ಟು ತೆರೆಯುತ್ತದೆ, ಸದ್ದು ಬದಲಾಗುತ್ತದೆ. ನೀವು ಕಾಯುವ ಆ ಸದ್ದು ಪೂರ್ತಿ ನಿಂತಿರುವುದು ಆಯಿಲ್ ಮೇಲೆ.

ಮಾಡಬೇಕಾದ್ದು

• ವಾರಕ್ಕೊಮ್ಮೆ ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡಿ. ಓನರ್ಸ್ ಮ್ಯಾನುಯಲ್ ಹೇಳಿದ ಗ್ರೇಡನ್ನೇ ಹಾಕಿ. ಮಟ್ಟ ಇಳಿದರೆ, ಆಯಿಲ್ ಕೊಳೆಯಾದರೆ ವಿಟೆಕ್ ಏಳುವುದಿಲ್ಲ.

• ಟ್ಯಾಪೆಟ್ ಸೆಟ್ಟಿಂಗನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಮಾಡಿಸಿ. ರಾತ್ರಿ ಗ್ಯಾರೇಜಿನಲ್ಲಿ ಬಿಟ್ಟುಬನ್ನಿ, ಬೆಳಗ್ಗೆ ಎದುರು ನಿಂತು ಮಾಡಿಸಿ.

• ಊರಿನ ಎತ್ತರವನ್ನು ಒಪ್ಪಿಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ಶೇ. 8ರಿಂದ 9ರಷ್ಟು ತೆಳು. ನಿಮ್ಮ 106ರಲ್ಲಿ ಎಂಟೊಂಬತ್ತು ಕುದುರೆಗಳನ್ನು ಊರೇ ಕಟ್ಟಿಹಾಕಿದೆ. ಮಂಗಳೂರಿಗೆ ಇಳಿದಾಗ ಕಾರು ಚುರುಕಾದಂತೆ ಅನಿಸುವುದು ಭ್ರಮೆಯಲ್ಲ.

ಮಾಡಬಾರದ್ದು

• ಮೂಲ ಏರ್ ಫಿಲ್ಟರ್ ಡಬ್ಬಿ ಕಿತ್ತು ಕೋನ್ ಫಿಲ್ಟರ್ ಹಾಕಬೇಡಿ. ಬಾನೆಟ್ಟಿನೊಳಗಿನ ಬಿಸಿಗಾಳಿ ಕುಡಿದು ಎಂಜಿನ್ ಮೊದಲಿಗಿಂತ ಸೋಮಾರಿಯಾಗುತ್ತದೆ. ಹೆಚ್ಚುವುದು ಸದ್ದು ಒಂದೇ. ಗಾಳಿಯ ಬಾಯನ್ನು ಬಂಪರ್ ಕೆಳಗೆ ಇಳಿಸುವುದು ಇನ್ನೂ ಅಪಾಯ. ವೃಷಭಾವತಿ ಉಕ್ಕಿ ಮೈಸೂರು ರಸ್ತೆಯಲ್ಲಿ ನೀರು ನಿಂತ ಒಂದು ಸಂಜೆ ಸಾಕು, ಎಂಜಿನ್ ನೀರು ಕುಡಿದು ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

• ವಿಟೆಕ್ ಬೇಗ ಏಳಲಿ ಎಂದು ಕಂಟ್ರೋಲರ್ ಹಾಕಿಸಬೇಡಿ. ಕಡಿಮೆ ವೇಗದಲ್ಲಿ ದೊಡ್ಡ ಉಬ್ಬು ಕೆಲಸಕ್ಕೆ ಬಂದರೆ ಎಳೆತ ಕಡಿಮೆಯಾಗುತ್ತದೆ. ಸದ್ದು ಬೇಗ ಬರುತ್ತದೆ, ಕಾರು ತಡವಾಗಿ ಬರುತ್ತದೆ.

• ಬೇರೆ ಎಂಜಿನ್, ಟರ್ಬೊ ಎರಡೂ ಬೇಡ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇದೆ. ಅದು ಬದಲಾಗುವ ಯಾವ ಕೆಲಸವೂ ಆರ್‌ಟಿಒ ಅನುಮತಿ ಕೈಗೆ ಬಂದ ಮೇಲೆಯೇ.

ಭಾಗ 5: ಸದ್ದು, ಬೆಳಕು, ಗಾಜು

ಮಾಡಬೇಕಾದ್ದು

• ಹೆಡ್‌ಲೈಟ್ ಮಂಕಾಗಿದ್ದರೆ ಗಾಜು ಪಾಲಿಶ್ ಮಾಡಿಸಿ, 60/55 ವ್ಯಾಟಿನ ಒಳ್ಳೆ ಬಲ್ಬ್ ಹಾಕಿ, ರಿಲೇ ಇರುವ ವೈರಿಂಗ್ ಕಿಟ್ ಹಾಕಿಸಿ. 20 ವರ್ಷದ ಸಣ್ಣ ವೈರಿನಲ್ಲಿ ವೋಲ್ಟೇಜ್ ಸೋರಿಹೋಗುತ್ತಿರುತ್ತದೆ. ಅದನ್ನು ತುಂಬಿದರೆ ಸಾಕು, ಬೆಳಕು ಬರುತ್ತದೆ.

ಮಾಡಬಾರದ್ದು

• ಫ್ರೀ ಫ್ಲೋ ಸೈಲೆನ್ಸರ್ ಬೇಡ. ವಸತಿ ಪ್ರದೇಶದ ಶಬ್ದಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಮುಂದೆ ರಾತ್ರಿ ಹನ್ನೊಂದಕ್ಕೆ ರೇಸ್ ಕೊಡುವವರಿಗೆ ಒಳಗಿರುವ ರೋಗಿ ತಮ್ಮ ಮನೆಯವರಾಗಿದ್ದರೆ ಎಂಬ ಯೋಚನೆ ಬರಬೇಕು. ಶಬ್ದ, ಹೊಗೆ ಮಿತಿ ಮೀರಿದರೆ ದಂಡ ₹10,000ದವರೆಗೆ, ಮೂರು ತಿಂಗಳವರೆಗೆ ಜೈಲು, ಲೈಸೆನ್ಸೂ ಮೂರು ತಿಂಗಳು ಅಮಾನತು.

• ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಪೈಪ್ ಬೆಸೆಯಬೇಡಿ. ಎಮಿಷನ್ ಟೆಸ್ಟ್ ಚೀಟಿ ‘ಹೇಗೋ’ ಮಾಡಿಸಬಹುದು ಎನ್ನುವ ಧೈರ್ಯವೂ ಬೇಡ.

• ಸಾಮಾನ್ಯ ಹೆಡ್‌ಲೈಟಿಗೆ ಎಚ್‌ಐಡಿ ಕಿಟ್, 100 ವ್ಯಾಟಿನ ಬಲ್ಬು ಹಾಕಬೇಡಿ. ಎದುರಿನವನ ಕಣ್ಣು ಕುಕ್ಕುತ್ತದೆ, ನಿಮ್ಮ ಸ್ವಿಚ್ಚು ಸುಡುತ್ತದೆ.

• ಕಪ್ಪು ಗಾಜು ಬೇಡ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇ. 70, ಪಕ್ಕದ ಗಾಜಿನಲ್ಲಿ ಶೇ. 50ರಷ್ಟು ಬೆಳಕು ಹಾಯಲೇಬೇಕು. ಸುಪ್ರೀಂ ಕೋರ್ಟ್ 2012ರಲ್ಲೇ ಇದನ್ನು ಖಡಾಖಂಡಿತವಾಗಿ ಹೇಳಿದೆ.

ಭಾಗ 6: ನಿಮ್ಮದಾಗಿಸಿಕೊಳ್ಳುವುದು

ಕಾರು ನಿಮ್ಮದು ಎಂದು ತೋರಿಸಲು ಗ್ರೈಂಡರ್ ಬೇಕಿಲ್ಲ.

ಮಾಡಬೇಕಾದ್ದು

• ಸೀಟಿಗೆ ಒಳ್ಳೆ ಹೊದಿಕೆ, ಕೈಗೆ ಹಿತವಾದ ಗೇರ್ ನಾಬ್, ಹೊಸ ಮ್ಯಾಟು, ಬಾಗಿಲಿನ ಹೊಸ ರಬ್ಬರು, ಒಳ್ಳೆ ಸ್ಪೀಕರ್ ಹಾಕಿಸಿ. ದಿನಾ ಕೈಗೆ, ಕಿವಿಗೆ, ಬೆನ್ನಿಗೆ ತಾಗುವುದು ಇವೇ.

• ಪೇಂಟ್ ಮಾಡಿಸುವುದಾದರೆ ಆರ್‌ಸಿಯಲ್ಲಿರುವ ಮೂಲ ಬಣ್ಣಕ್ಕೇ ಮಾಡಿಸಿ. ಟಿಂಕರಿಂಗ್ ಮುಗಿದ ಮೇಲೆ, ಪೇಂಟ್ ಹೊಡೆಯುವ ಮೊದಲು ಹೋಗಿ ನೋಡಿ ಫೋಟೊ ತೆಗೆದುಕೊಳ್ಳಿ. ಪಟ್ಟಿ ಎಷ್ಟು ದಪ್ಪ ಮೆತ್ತಿದ್ದಾರೆ ಎಂಬುದು ಆಮೇಲೆ ಕಾಣುವುದಿಲ್ಲ.

• ಕನ್ನಡ ಬಾವುಟ, ಅಪ್ಪು ಚಿತ್ರ ಯಾವುದೇ ಸ್ಟಿಕ್ಕರ್ ಇರಲಿ, ಹಿಂದಿನ ದಾರಿ ಕಾಣುವುದಕ್ಕೆ ಅಡ್ಡ ಬಾರದ ಜಾಗದಲ್ಲಿ ಅಂಟಿಸಿ.

• ತೆಗೆದ ಒರಿಜಿನಲ್ ಸಾಮಾನನ್ನೆಲ್ಲ ಒರೆಸಿ, ಪೇಪರ್ ಸುತ್ತಿ, ಹೆಸರು ಬರೆದು ಅಟ್ಟದ ಮೇಲಿಡಿ. ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಿ ಬಂದರೂ ಆ ಸಾಮಾನು ಮತ್ತೆ ಸಿಗುತ್ತದೆ ಎಂಬ ಭರವಸೆ ಇಲ್ಲ. ಅಟ್ಟ ತುಂಬಿತು ಎಂದು ಮನೆಯಲ್ಲಿ ಬೈದರೆ ಬೈಸಿಕೊಳ್ಳಿ.

ಮಾಡಬಾರದ್ದು

• ಸ್ಟೀರಿಯೊಗಾಗಿ ಮೂಲ ವೈರಿಂಗ್ ಕತ್ತರಿಸಬೇಡಿ, ಕಪ್ಲರ್ ಹಾಕಿಸಿ. ಇನ್ಸುಲೇಶನ್ ಟೇಪ್ ಸುತ್ತಿದ ಜೋಡಣೆ ಒಂದು ಬೇಸಿಗೆ ಕಳೆದರೆ ಬಿಚ್ಚಿಕೊಳ್ಳುತ್ತದೆ. ಹಳೇ ಕಾರಿನ ಬೆಂಕಿ ಶುರುವಾಗುವ ಜಾಗಗಳಲ್ಲಿ ಇದೂ ಒಂದು.

• ಸ್ಪಾಯ್ಲರ್‌ಗಾಗಿ ಡಿಕ್ಕಿಗೆ ತೂತು ಕೊರೆಸಬೇಡಿ. ಆ ತೂತಿನಿಂದಲೇ ತುಕ್ಕು ಒಳಗೆ ಬರುತ್ತದೆ.

ಭಾಗ 7: ಕಾಗದ ಪತ್ರ

ಮಾಡಬೇಕಾದ್ದು

• ಕಾನೂನು ಓದಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಆಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ ₹5,000 ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎಂದು ಬಂತು. ಲೆಕ್ಕ ಕಾರಿಗಲ್ಲ, ಬದಲಾವಣೆಗೆ.

• ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2003ರ ಕಾರಿಗೆ 2018, 2023, 2028 ಎಂದು ಗೋಡೆಗೆ ಬರೆದಿಡಿ. ದೆಹಲಿಯ ಹಾಗೆ ವಯಸ್ಸಾಯಿತೆಂದು ಕಾರನ್ನು ರಸ್ತೆಯಿಂದ ಇಳಿಸುವ ನಿಯಮ ನಮ್ಮಲ್ಲಿಲ್ಲ. ಆ ಅನುಕೂಲ ಉಳಿಯಬೇಕಾದರೆ ಎಫ್‌ಸಿ, ಹಸಿರು ತೆರಿಗೆ ಎರಡನ್ನೂ ಹೊತ್ತಿಗೆ ಸರಿಯಾಗಿ ಮುಗಿಸಿ. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ ₹10,000ಕ್ಕೆ ಏರಿಸಿದೆ, ಕೈಯಲ್ಲಿ ಇಟ್ಟುಕೊಳ್ಳಿ.

• ಕೆಎ-02 ಕಾರಿಗೆ ರಾಜಾಜಿನಗರದ ಆರ್‌ಟಿಒ, ಕೆಎ-41 ಕಾರಿಗೆ ಜ್ಞಾನಭಾರತಿ ಆರ್‌ಟಿಒ. ಏಜೆಂಟರನ್ನು ನಂಬಿ ಕೂರದೆ ಒಂದು ಸಲ ನೀವೇ ಹೋಗಿ ಬನ್ನಿ.

• ಹಾಕಿಸಿದ ಸಾಮಾನಿನ ವಿವರವನ್ನು ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ತಿಳಿಸಿ. ಅಪಘಾತ ಆದ ಮೇಲೆ ಹೇಳಿದರೆ ಕ್ಲೇಮ್ ಬಿದ್ದುಹೋಗುತ್ತದೆ.

ಮಾಡಬಾರದ್ದು

• ನಂಬರ್ ಪ್ಲೇಟಿನ ಮೇಲೆ ಕಲೆ ತೋರಿಸಬೇಡಿ. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಕಾರಿಗೂ ಎಚ್‌ಎಸ್‌ಆರ್‌ಪಿ ಪ್ಲೇಟೇ ಬೇಕು.

• ಬುಲ್ ಬಾರ್ ಹಾಕಬೇಡಿ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದು ನಿಯಮಬಾಹಿರ ಎಂದಿದೆ.

ಭಾಗ 8: ರಸ್ತೆಯಲ್ಲಿ

ಮಾಡಬೇಕಾದ್ದು

• ಓಡಿಸಿ. ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಹೋಗಿ. ಎಥನಾಲ್ ಬೆರೆತ ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ತೇವ ಹೀರಿ ಟ್ಯಾಂಕಿನೊಳಗೆ ತುಕ್ಕು ಹಿಡಿಸುತ್ತದೆ.

• ವೇಗದ ಚಪಲ ತೀರಬೇಕಾದರೆ ಟ್ರ್ಯಾಕಿಗೆ ಹೋಗಿ. ಚೆನ್ನೈ ಪಕ್ಕದ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಎರಡೂ ಒಂದು ದಿನದ ದಾರಿಯೊಳಗಿವೆ.

ಮಾಡಬಾರದ್ದು

• ಕೆಂಗೇರಿ ದಾಟಿದ ಕೂಡಲೇ ಎಕ್ಸ್‌ಪ್ರೆಸ್‌ವೇ ಸಿಕ್ಕಿತು ಎಂದು ಕಾಲು ಒತ್ತಬೇಡಿ. ಕಾರಿಗೆ ಮಿತಿ 100 ಕಿ.ಮೀ., ಮೇಲೆ ಕ್ಯಾಮೆರಾ. 2024ರ ಆಗಸ್ಟ್ 1ರಿಂದ 130 ದಾಟಿದರೆ ಎಫ್‌ಐಆರ್. ನೈಸ್ ರಸ್ತೆಯ ರಾತ್ರಿ ಪಂದ್ಯಗಳಿಗೆ ಕರೆದರೆ ಹೋಗಬೇಡಿ, ನೋಡಲಿಕ್ಕೂ ಹೋಗಬೇಡಿ. ಈ ಕಾರಿನಲ್ಲಿ ಏರ್‌ಬ್ಯಾಗಿನ ಭರವಸೆಯಿಲ್ಲ.

ಭಾಗ 9: ಮಾರುವ ದಿನ

ಆ ದಿನವೂ ಬರುತ್ತದೆ. ಮಗುವಿನ ಫೀಸು, ಮನೆ ಸಾಲ, ಪಾರ್ಕಿಂಗ್ ಜಾಗ, ಯಾವುದೋ ಒಂದು ಕಾರಣ.

ಮಾಡಬೇಕಾದ್ದು

• ಅಟ್ಟದ ಮೇಲಿನ ಪೆಟ್ಟಿಗೆಗಳನ್ನೆಲ್ಲ ಇಳಿಸಿ ಡಿಕ್ಕಿಯಲ್ಲಿಡಿ. ಕೊಳ್ಳುವವರಿಗೆ ಅವರದೇ ರೀತಿಯಲ್ಲಿ ಶುರುಮಾಡುವ ಹಕ್ಕಿದೆ. ನೀವು ಮೂರನೇ ನಿಯಮ ಪಾಲಿಸಿದ್ದರೆ ಮಾತ್ರ ಅವರಿಗೆ ಅದು ಸಿಗುತ್ತದೆ.

• ಫಾರಂ 29, 30ಕ್ಕೆ ಸಹಿ ಮಾಡಿ, 14 ದಿನದೊಳಗೆ ಆರ್‌ಟಿಒಗೆ ತಿಳಿಸಿ.

ಮಾಡಬಾರದ್ದು

• ನೋಟ್‌ಬುಕ್ ಇಟ್ಟುಕೊಳ್ಳಬೇಡಿ. ಅದು ಕಾರಿನದು. ಆ ದಿನದ ಕಿಲೋಮೀಟರನ್ನು ಕೊನೇ ಸಾಲಿನಲ್ಲಿ ಬರೆದು, ಕೀಲಿಯ ಜೊತೆ ಕೊಟ್ಟುಬಿಡಿ.